ಅರ್ಜಿ ಬರೆಯುವವನ ಮದರ್‌ಬೋರ್ಡ್

"ಅಜ್ಜಾರೇ, ಎಲ್ಲಕ್ಕಿಂತ ಒಳ್ಳೆಯ ಸಾಧನೆ ಯಾವುದು?" ಎಂದು ನೀಲಕಂಠ ಕೇಳಿದ.

ಕೇಳಿದ್ದು ಮಡಿವಾಳಯ್ಯನವರನ್ನು. ಅವರು ಆ ಸಣ್ಣ ಮಠದ ಗುರುಗಳು. ಊರವರು ಅವರನ್ನು ಅಜ್ಜಾರು ಎಂದೇ ಕರೆಯುತ್ತಿದ್ದರು. ನೀಲಕಂಠ ಅವರ ಶಿಷ್ಯ. ಅವನು ಮಠಕ್ಕೆ ಬಂದು ಮೂರು ವರ್ಷವಾಗಿತ್ತು, ಮತ್ತು ಈ ಪ್ರಶ್ನೆಯನ್ನು ಅವನು ಕೇಳುತ್ತಿದ್ದುದು ಇದು ಮೊದಲ ಸಲವೇನೂ ಅಲ್ಲ. ಜಪ ಒಳ್ಳೆಯದೆಂದು ಯಾರೋ ಹೇಳಿದರು. ಒಂದು ತಿಂಗಳು ಜಪ ಮಾಡಿ ಬಿಟ್ಟ. ಮೌನ ಒಳ್ಳೆಯದೆಂದು ಇನ್ನಾರೋ ಹೇಳಿದರು; ಬಾಯಿ ಕಟ್ಟಿಕೊಂಡು ಕುಳಿತ. ಅವನಿಗೆ ಜ್ವರ ಬಂದಿದೆಯೆಂದು ತಿಳಿದು ಅಡುಗೆಮನೆಯವರು ಕಷಾಯ ಕಾಯಿಸಿ ಕುಡಿಸಿದರು. ಮೌನದಲ್ಲಿದ್ದವನು ಬೇಡವೆನ್ನುವುದಾದರೂ ಹೇಗೆ? ಮೂರು ದಿನ ಕುಡಿದು ನಾಲ್ಕನೆಯ ದಿನ ಮಾತನಾಡಿಬಿಟ್ಟ.

ಮಡಿವಾಳಯ್ಯನವರು ಮಠಕ್ಕೆ ಬರುವ ಮೊದಲು ತಾಲ್ಲೂಕಿನ ಊರೊಂದರಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದರು. ರೇಡಿಯೊ ಕೇಳುವವರು ಕಡಿಮೆಯಾದ ಮೇಲೆ ಕಂಪ್ಯೂಟರ್ ರಿಪೇರಿ ಕಲಿತರು. ಆದ್ದರಿಂದ ಅವರ ದೃಷ್ಟಾಂತಗಳಲ್ಲಿ ಸಿಂಹ, ಸಮುದ್ರ ಬರುವುದು ಕಡಿಮೆ. ತಂತಿ, ಸ್ಕ್ರೂ ಬರುವುದೇ ಹೆಚ್ಚು.

"ಕೂಡು ತಮ್ಮಾ," ಎಂದರು ಅವರು. "ಒಬ್ಬ ಅರ್ಜಿ ಬರೆಯುವವನು ಮದರ್‌ಬೋರ್ಡ್ ಕೊಂಡ ಕತೆ ಹೇಳುತ್ತೇನೆ."

ಅವರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ಅರ್ಜಿ ಬರೆಯುವವನಿದ್ದ. ತಹಶೀಲ್ದಾರರ ಕಚೇರಿಯ ಎದುರಿಗೆ ಅವನದೊಂದು ಚಿಕ್ಕ ಕೋಣೆ. ವಿಧವಾ ವೇತನಕ್ಕೆ, ವೃದ್ಧಾಪ್ಯ ವೇತನಕ್ಕೆ, ರೇಷನ್ ಕಾರ್ಡಿಗೆ, ಕಾಗದಪತ್ರದಲ್ಲಿ ಹೆಸರು ತಪ್ಪಾಗಿದ್ದರೆ ಅದರ ತಿದ್ದುಪಡಿಗೆ ಜನ ಅವನ ಬಳಿ ಬರುತ್ತಿದ್ದರು. ಅವನು ಅವರ ಮಾತನ್ನು ಪೂರ್ತಿ ಕೇಳುತ್ತಿದ್ದ. ಅದರಲ್ಲಿನ ಅಳುವನ್ನೂ ಬೈಗುಳವನ್ನೂ ತೆಗೆದುಹಾಕಿ, ಉಳಿದದ್ದನ್ನು ಅಧಿಕಾರಿಗಳಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದುಕೊಡುತ್ತಿದ್ದ. ಅವನ ಅರ್ಜಿ ಮರಳಿ ಬರುವುದಿಲ್ಲ ಎಂದು ಊರಲ್ಲಿ ಹೆಸರಿತ್ತು.

ಅವನಿಗೆ ಹುಟ್ಟಿನಿಂದಲೂ ಕಣ್ಣು ಕಾಣುತ್ತಿರಲಿಲ್ಲ.

ಕಣ್ಣು ಕಾಣದವನು ಅರ್ಜಿ ಬರೆಯುವುದು ಹೇಗೆ ಎಂದು ನೀನು ಕೇಳಬಹುದು. ಬಿಡಿಸಿ ಹೇಳುತ್ತೇನೆ. ಅವನು ಕಂಪ್ಯೂಟರ್‌ನಲ್ಲಿ ಬರೆಯುತ್ತಿದ್ದ. ಯಾವ ಕೀಲಿ ಎಲ್ಲಿದೆ ಎಂಬುದು ಬೆರಳಿಗೆ ಗೊತ್ತಿತ್ತು. ಅವನು ಒತ್ತಿದ ಪ್ರತಿಯೊಂದು ಅಕ್ಷರವನ್ನೂ ಯಂತ್ರ ಗಟ್ಟಿಯಾಗಿ ಹೇಳುತ್ತಿತ್ತು. ಬರೆದು ಮುಗಿದ ಮೇಲೆ ಇಡೀ ಕಾಗದವನ್ನು ಓದಿ ಹೇಳುತ್ತಿತ್ತು. ಪರದೆಯ ಮೇಲೆ ಇರುವುದನ್ನೆಲ್ಲ ದನಿಯಾಗಿ ಮಾಡುವ ತಂತ್ರಾಂಶವೊಂದಿದೆ. ಕಣ್ಣುಳ್ಳವರಿಗೆ ಪರದೆ ಹೇಗೋ ಅವನಿಗೆ ಆ ದನಿ ಹಾಗೆ. ದನಿ ಇದ್ದರೆ ಅವನಿಗೆ ಕಂಪ್ಯೂಟರ್ ಇದೆ. ದನಿ ಇಲ್ಲದಿದ್ದರೆ ಎದುರಿಗಿರುವುದು ಬಿಸಿಯಾಗುವ ಒಂದು ಪೆಟ್ಟಿಗೆ, ಅಷ್ಟೆ.

ಇನ್ನೊಂದು ಮಾತನ್ನೂ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಮ್ ಎನ್ನುತ್ತಾರೆ. ಇವನದು ಲಿನಕ್ಸ್ ಬಗೆಯದು, ಅಂದರೆ ಮುಕ್ತ ತಂತ್ರಾಂಶ. ಮುಕ್ತ ಎಂದರೆ ಅದು ಯಾರೊಬ್ಬರ ಸ್ವತ್ತೂ ಅಲ್ಲ. ಅದರೊಳಗೆ ಬರೆದಿರುವುದನ್ನು ಯಾರು ಬೇಕಾದರೂ ತೆರೆದು ಓದಬಹುದು, ತಿದ್ದಬಹುದು, ಹತ್ತು ಜನಕ್ಕೆ ಹಂಚಬಹುದು. ಊರ ಬಾವಿ ಇದ್ದ ಹಾಗೆ. ಓದಿ ಹೇಳುವ ದನಿಯೂ ಅದರ ಜೊತೆಗೇ ಬಂದಿತ್ತು. ಅದೇನೂ ಇಂಪಾದ ದನಿಯಲ್ಲ. ಮೂಗಿನಲ್ಲಿ ಮಾತನಾಡುತ್ತಿತ್ತು. ಒತ್ತಕ್ಷರ ಬಂದಲ್ಲಿ ಎಡವುತ್ತಿತ್ತು. ಆದರೆ ಏಳು ವರ್ಷ ಒಂದೇ ಕೋಣೆಯಲ್ಲಿ ಕೂತು ಇಬ್ಬರಿಗೂ ಹೊಂದಿಕೆಯಾಗಿತ್ತು.

ಒಂದು ಬೇಸಿಗೆಯ ಮಧ್ಯಾಹ್ನ ಕರೆಂಟು ಹೋಗಿ ಬಂತು. ಬರುವಾಗ ಜೋರಾಗಿಯೇ ಬಂತು. ಪೆಟ್ಟಿಗೆಯೊಳಗೆ ಟಪ್ ಎಂದಿತು. ಮದರ್‌ಬೋರ್ಡ್ ಸುಟ್ಟುಹೋಗಿತ್ತು.

ಮದರ್‌ಬೋರ್ಡ್ ಎಂದರೆ ಕಂಪ್ಯೂಟರ್‌ನ ಒಳಗಿರುವ ದೊಡ್ಡ ಹಲಗೆ. ಅದೊಂದು ಸಂತೆಯ ಬಯಲು ಎಂದುಕೋ. ಲೆಕ್ಕ ಮಾಡುವ ಪ್ರೊಸೆಸರ್, ನೆನಪಿಟ್ಟುಕೊಳ್ಳುವ ಮೆಮೊರಿ, ಚಿತ್ರ ಕಳಿಸುವ ಭಾಗ, ದನಿ ಹೊರಡಿಸುವ ಭಾಗ, ಎಲ್ಲವೂ ಅಲ್ಲಿಯೇ ಬಂದು ಒಂದರೊಡನೊಂದು ವ್ಯವಹಾರ ಮಾಡುತ್ತವೆ. ಬಯಲೇ ಹಾಳಾದರೆ ಸಂತೆ ನೆರೆಯುವುದಿಲ್ಲ. ಹೊಸ ಬೋರ್ಡ್ ತರಲೇಬೇಕಾಯಿತು. ಆಗ ಅವನ ಬಳಿ ವೇತನದ ಅರ್ಜಿಗಳು ಹದಿನಾಲ್ಕು ಬಾಕಿಯಿದ್ದವು. ತಿಂಗಳ ಕೊನೆಯೊಳಗೆ ಅವು ಕಚೇರಿ ಸೇರಬೇಕಿತ್ತು. ಸೇರದಿದ್ದರೆ ಹದಿನಾಲ್ಕು ಮನೆಯವರು ಮತ್ತೊಂದು ವರ್ಷ ಕಾಯಬೇಕಿತ್ತು.

ಪಕ್ಕದ ಫೋಟೊ ಸ್ಟುಡಿಯೊದವನು ಅವನ ಗೆಳೆಯ. ಒಳ್ಳೆಯ ಮನುಷ್ಯ, ಕಂಪ್ಯೂಟರ್ ಬಲ್ಲವನು. "ನೀವು ಚಿಂತೆ ಮಾಡಬೇಡ್ರಿ, ಬೋರ್ಡ್ ನಾನು ಆರಿಸಿಕೊಡುತ್ತೇನೆ," ಎಂದ.

ಇಲ್ಲಿ ಒಂದು ತೊಡಕಿದೆ. ಬೋರ್ಡ್ ಮಾಡುವ ಕಂಪನಿಗಳು ಹೆಚ್ಚಾಗಿ ಮಾರಾಟವಾಗುವ ಆಪರೇಟಿಂಗ್ ಸಿಸ್ಟಮ್‌ಗೆ ಮೊದಲು ಅನುಕೂಲ ಮಾಡಿಕೊಡುತ್ತವೆ. ಮುಕ್ತ ತಂತ್ರಾಂಶದವರ ವಿಷಯ ಹಾಗಲ್ಲ. ಹೊಸ ಬೋರ್ಡ್ ಬಂದಾಗ ಅದರ ಒಂದೊಂದು ಭಾಗದ ಜೊತೆ ಮಾತನಾಡಲು ಬೇಕಾದ ತಂತ್ರಾಂಶವನ್ನು ಎಷ್ಟೋ ಸಲ ಅವರೇ ಕುಳಿತು ಬರೆದುಕೊಳ್ಳಬೇಕು. ಕೆಲವು ಭಾಗಗಳಿಗೆ ಅದು ಸಿದ್ಧವಾಗಲು ವರ್ಷ ಹಿಡಿಯುತ್ತದೆ. ಆದ್ದರಿಂದ ಬೋರ್ಡ್ ಎಷ್ಟೇ ಒಳ್ಳೆಯದಾದರೂ ನಮ್ಮ ವ್ಯವಸ್ಥೆಗೆ ಅದು ಒಗ್ಗುತ್ತದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಇದಕ್ಕಾಗಿ ಬಳಸುವವರೇ ಸೇರಿ ಅಂತರ್ಜಾಲದಲ್ಲಿ ಪಟ್ಟಿಯೊಂದನ್ನು ಮಾಡಿಟ್ಟಿದ್ದರು. ಯಾರು ಯಾವ ಬೋರ್ಡ್ ಕೊಂಡರು, ಅದು ಹೇಗೆ ನಡೆಯಿತು ಎಂದು ಅದರಲ್ಲಿ ಬರೆಯುತ್ತಿದ್ದರು.

ಸ್ಟುಡಿಯೊದವನು ಆ ಪಟ್ಟಿಯನ್ನು ತೆರೆದುಕೊಂಡು ಕುಳಿತ. ತೆರೆಯುವ ಮೊದಲು ಒಂದು ಮಾತು ಕೇಳಿದ.

"ನಿಮಗೆ ವಿಶೇಷವಾಗಿ ಏನಾದರೂ ಬೇಕೇನ್ರೀ?"

ಅರ್ಜಿ ಬರೆಯುವವನ ಬಾಯಲ್ಲಿ ಉತ್ತರ ಇತ್ತು. ಅವನು ಅದನ್ನು ನುಂಗಿಕೊಂಡ.

ಏಕೆ ನುಂಗಿಕೊಂಡ? ತಮ್ಮಾ, ಉಳ್ಳಾಗಡ್ಡಿ, ಬೆಳ್ಳುಳ್ಳಿ ತಿನ್ನದವನೊಬ್ಬ ಊಟದ ಪಂಕ್ತಿಯಲ್ಲಿ ಕುಳಿತದ್ದನ್ನು ನೀನು ನೋಡಿರುವೆ. ಪ್ರತಿಯೊಂದು ಪಾತ್ರೆ ಎದುರಿಗೆ ಬಂದಾಗಲೂ ಅವನು ಎಲೆಗೆ ಕೈ ಅಡ್ಡ ಹಿಡಿದು ಇದರಲ್ಲಿ ಅದಿದೆಯೇ ಎಂದು ಕೇಳಬೇಕು. ಬಡಿಸುವವರು ನಿಲ್ಲುತ್ತಾರೆ. ಪಕ್ಕದವರು ತಿರುಗಿ ನೋಡುತ್ತಾರೆ. ಅರ್ಜಿ ಬರೆಯುವವನು ಹುಟ್ಟಿದಾಗಿನಿಂದ ಹೀಗೆಯೇ ಎಲೆಗೆ ಕೈ ಅಡ್ಡ ಹಿಡಿದು ಬಂದಿದ್ದ. ಬಸ್‌ನಿಲ್ದಾಣದಲ್ಲಿ, ಬ್ಯಾಂಕಿನಲ್ಲಿ, ಮದುವೆಮನೆಯಲ್ಲಿ, ಎಲ್ಲಿ ಹೋದರೂ "ನನಗೊಂದು ಬೇರೆ" ಎನ್ನಬೇಕು. ಅವನಿಗೆ ಅದು ಸಾಕಾಗಿತ್ತು. ಈ ಒಂದು ಸಲವಾದರೂ ಎಲ್ಲರೂ ಕೊಳ್ಳುವುದನ್ನೇ ತಾನೂ ಕೊಳ್ಳಬೇಕೆಂದು ಆಸೆಯಾಯಿತು.

"ವಿಶೇಷ ಏನಿಲ್ಲ," ಎಂದ. "ಎಲ್ಲರಿಗೂ ಯಾವುದು ಒಳ್ಳೆಯದೋ ನನಗೂ ಅದೇ ಇರಲಿ."

ಸ್ಟುಡಿಯೊದವನಿಗೂ ಬೇರೇನೂ ಹೊಳೆಯಲಿಲ್ಲ. ದನಿ ಬರುವುದನ್ನು ಯಾರು ತಾನೇ ವಿಶೇಷವೆಂದು ಎಣಿಸುತ್ತಾರೆ? ಅವನು ಪಟ್ಟಿಯಲ್ಲಿ ಎಲ್ಲರೂ ಹೊಗಳಿದ ಬೋರ್ಡನ್ನು ಹುಡುಕಿದ. ಒಂದು ಸಿಕ್ಕಿತು. ಹೊಸದು, ವೇಗದ್ದು. ಹತ್ತೊಂಬತ್ತು ಜನ ಅದರ ಬಗ್ಗೆ ಬರೆದಿದ್ದರು. ಎಲ್ಲರ ಬರಹದಲ್ಲೂ "ಸರಿ" ಎಂಬ ಮಾತಿತ್ತು. ಅವನು ಅದನ್ನು ತರಿಸಿದ. ಅದಕ್ಕೆ ಹೊಂದುವ ಪ್ರೊಸೆಸರ್ ಕೂಡ ತರಿಸಿದ. ತಾನೇ ಸ್ಕ್ರೂ ಬಿಗಿದು ಜೋಡಿಸಿದ.

ಮೊದಲ ಸಲ ಚಾಲೂ ಮಾಡುವಾಗ ಕೋಣೆಯಲ್ಲಿ ಮೂವರಿದ್ದರು. ಅರ್ಜಿ ಬರೆಯುವವನು, ಸ್ಟುಡಿಯೊದವನು, ಮತ್ತು ಎದುರಿನ ಚಹಾದಂಗಡಿಯವನು. ಚಹಾ ಕೊಡಲು ಬಂದವನು ನೋಡುತ್ತ ನಿಂತುಬಿಟ್ಟಿದ್ದ.

"ಬಂತು! ಬಂತು ನೋಡ್ರಿ!" ಎಂದ ಸ್ಟುಡಿಯೊದವನು. "ಆಹಾ, ಏನು ಬಣ್ಣ!"

"ಗಾಜು ತೊಳೆದಿಟ್ಟ ಹಾಗಿದೆ," ಎಂದ ಚಹಾದಂಗಡಿಯವನು.

ಅರ್ಜಿ ಬರೆಯುವವನು ಎರಡೂ ಕೈಯನ್ನು ಕೀಲಿಗಳ ಮೇಲಿಟ್ಟು ಕಾಯುತ್ತಿದ್ದ. ಮುಖದಲ್ಲಿ ನಗು ಸಿದ್ಧವಾಗಿತ್ತು. ಸ್ವಲ್ಪ ಹೊತ್ತು ಕಾದ. ಇನ್ನೂ ಸ್ವಲ್ಪ ಹೊತ್ತು ಕಾದ.

"ಎಲ್ಲಿ ಬಂತು?" ಎಂದು ಕೇಳಿದ.

"ಇಲ್ಲೇ ನಿಮ್ಮ ಎದುರಿಗೇ ಇದೆಯಲ್ಲ," ಎಂದ ಚಹಾದಂಗಡಿಯವನು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ಖಾಲಿ ಲೋಟ ಎತ್ತಿಕೊಂಡು ಹೊರಟುಹೋದ.

ದನಿ ಬರಲಿಲ್ಲ. ಸ್ಟುಡಿಯೊದವನು ಸ್ಪೀಕರ್ ಬದಲಿಸಿದ, ತಂತಿ ಬದಲಿಸಿದ, ಎರಡು ದಿನ ತನ್ನ ಅಂಗಡಿಗೆ ಬೀಗ ಹಾಕಿ ಅಲ್ಲೇ ಕುಳಿತ. ದನಿಯ ಭಾಗವೇ ಸಿಗುತ್ತಿಲ್ಲ ಎಂದು ಯಂತ್ರ ಹೇಳುತ್ತಿತ್ತು. ಅದನ್ನೂ ಅದು ಪರದೆಯ ಮೇಲೆಯೇ ಹೇಳುತ್ತಿತ್ತು. ಬೋರ್ಡ್ ಕೆಟ್ಟದ್ದಾಗಿರಲಿಲ್ಲ. ಅದರ ದನಿಯ ಭಾಗ ತೀರಾ ಹೊಸದು. ಅದರೊಡನೆ ಮಾತನಾಡುವ ತಂತ್ರಾಂಶವನ್ನು ಮುಕ್ತ ತಂತ್ರಾಂಶದವರು ಇನ್ನೂ ಬರೆದಿರಲಿಲ್ಲ.

ಮೂರನೆಯ ದಿನ ಸ್ಟುಡಿಯೊದವನು ಆ ಪಟ್ಟಿಯನ್ನು ಮತ್ತೆ ತೆರೆದ. ಈ ಸಲ ಒಂದು ಸಾಲನ್ನೂ ಬಿಡದೆ ಗಟ್ಟಿಯಾಗಿ ಓದಿದ. ಒಬ್ಬ ಬರೆದಿದ್ದ: ಎಲ್ಲವೂ ಸರಿ, ದನಿ ಪರೀಕ್ಷಿಸಿಲ್ಲ, ನಾನು ಸ್ಪೀಕರ್ ಇಟ್ಟುಕೊಂಡಿಲ್ಲ. ಇನ್ನೊಬ್ಬ ಬರೆದಿದ್ದ: ದನಿ ಬರುವುದಿಲ್ಲ, ಅದೊಂದು ಬಿಟ್ಟರೆ ಎಲ್ಲವೂ ಸರಿ.

ಓದುತ್ತಿದ್ದವನ ದನಿ ಅಲ್ಲಿಗೇ ನಿಂತಿತು.

"ಇದನ್ನು ನಾನು ಅವತ್ತೇ ನೋಡಿದ್ದೆ," ಎಂದ. "ಓದಿ ಮುಂದೆ ಹೋದೆ. ನನ್ನದು ತಪ್ಪಾಯಿತು."

"ನೀವು ನನ್ನನ್ನು ಕೇಳಿದ್ದಿರಿ," ಎಂದ ಅರ್ಜಿ ಬರೆಯುವವನು. "ಹೇಳದವನು ನಾನು."

ಅಷ್ಟು ಹೇಳಿ ಇಬ್ಬರೂ ಹಗುರಾದರು. ತಪ್ಪನ್ನು ಇಬ್ಬರು ಹೊತ್ತುಕೊಂಡರೆ ಜಗಳಕ್ಕೆ ಜಾಗ ಉಳಿಯುವುದಿಲ್ಲ.

ಆದರೆ ತಿಂಗಳು ಓಡುತ್ತಿತ್ತು. ಸ್ಟುಡಿಯೊದವನು ಒಂದು ಉಪಾಯ ಹುಡುಕಿದ. ಹೊರಗಿನಿಂದ ಚುಚ್ಚಿದರೆ ದನಿ ಕೊಡುವ ಸಣ್ಣ ತುಂಡೊಂದು ಸಿಗುತ್ತದೆ, ಹೆಬ್ಬೆರಳಿನಷ್ಟು. ಅದನ್ನು ತಂದು ಚುಚ್ಚಿದ. ದನಿ ಬಂತು. ಹೆಚ್ಚಿನವರಿಗೆ ಅದು ಸಾಕು. ಇವನಿಗೆ ಸಾಕಾಗಲಿಲ್ಲ, ಅದಕ್ಕೊಂದು ಕಾರಣವಿತ್ತು. ಅವನ ಕೋಣೆ ಚಿಕ್ಕದು, ಬಂದವರ ಮೊಣಕಾಲು ಪೆಟ್ಟಿಗೆಗೆ ತಗಲುತ್ತಿತ್ತು. ತಗಲಿದಾಗ ತುಂಡು ಅಲುಗುತ್ತಿತ್ತು, ಅಲುಗಿದಾಗ ದನಿ ನಿಲ್ಲುತ್ತಿತ್ತು. ಆಗ ತುಂಡು ಸಡಿಲವಾಗಿದೆಯೋ, ಕರೆಂಟು ಹೋಗಿದೆಯೋ, ಯಂತ್ರವೇ ಸತ್ತಿದೆಯೋ ಎಂದು ಅವನಿಗೆ ತಿಳಿಯುತ್ತಿರಲಿಲ್ಲ. ಅರ್ಧ ಬರೆದ ಅರ್ಜಿಯ ಮುಂದೆ ಅವನು ಕತ್ತಲಲ್ಲಿ ಕುಳಿತಂತೆ ಕೂರಬೇಕಾಗುತ್ತಿತ್ತು. ಕತ್ತಲೆಗೆ ಅಂಜಿದವನಲ್ಲ ಅವನು. ಆದರೆ ದನಿಯಿಲ್ಲದಿರುವುದೇ ಅವನ ಪಾಲಿನ ಕತ್ತಲೆ.

ಒಂದು ದಿನ ಆ ತುಂಡೂ ಕೆಟ್ಟಿತು. ಅಂದು, ಬಾಕಿಯಿದ್ದ ಹದಿನಾಲ್ಕು ಅರ್ಜಿಗಳವರಲ್ಲಿ ಒಬ್ಬಳಾದ ಮುದುಕಿ ಎರಡು ಬಸ್ ಬದಲಿಸಿ ಬಂದಿದ್ದಳು. ಅವಳನ್ನು ಮರಳಿ ಕಳಿಸಲು ಅವನಿಗೆ ಮನಸ್ಸು ಬರಲಿಲ್ಲ. ದನಿಯಿಲ್ಲದೆಯೇ ಬೆರಳ ನೆನಪಿನಿಂದ ಅರ್ಜಿ ಬರೆದ. ಓದಿ ಹೇಳಲು ಸ್ಟುಡಿಯೊದವನನ್ನು ಕರೆದ. ಸ್ಟುಡಿಯೊದವನು ಸರಾಗವಾಗಿ ಓದಿದ. ಎಲ್ಲೂ ತಡವರಿಸಲಿಲ್ಲ. ಅರ್ಜಿ ಹೋಯಿತು.

ನಾಲ್ಕು ದಿನಕ್ಕೆ ಅದು ಮರಳಿ ಬಂತು. ಮುದುಕಿಯ ಗಂಡನ ಹೆಸರಿನಲ್ಲಿ ಒಂದಕ್ಷರ ತಪ್ಪಿತ್ತು.

ಸ್ಟುಡಿಯೊದವನು ಸುಳ್ಳು ಓದಿರಲಿಲ್ಲ. ಅವನ ಕಣ್ಣು ತಪ್ಪಕ್ಷರವನ್ನು ನೋಡಿತ್ತು, ಆದರೆ ಮುದುಕಿಯ ಗಂಡ ಅವನ ಪರಿಚಯದವನು. ಅವನ ಬಾಯಿ ಆ ಹೆಸರನ್ನು ತಾನಾಗಿಯೇ ಸರಿಪಡಿಸಿ ಓದಿತ್ತು. ಪ್ರೀತಿಯಿಂದ ಓದುವವರೆಲ್ಲ ಹೀಗೆಯೇ ಓದುತ್ತಾರೆ. ಮೂಗಿನಲ್ಲಿ ಮಾತನಾಡುವ ಆ ಯಂತ್ರಕ್ಕೆ ಮಾತ್ರ ಯಾರ ಪರಿಚಯವೂ ಇಲ್ಲ. ತಪ್ಪಿದ್ದರೆ ತಪ್ಪನ್ನೇ ಓದುತ್ತದೆ.

ಆ ದಿನ ಅರ್ಜಿ ಬರೆಯುವವನಿಗೆ ತನಗೇನು ಬೇಕೆಂಬುದು ಸ್ಪಷ್ಟವಾಯಿತು. ಅವನಿಗೆ ಬೇಕಾದದ್ದು ಒಳ್ಳೆಯ ಬೋರ್ಡ್ ಅಲ್ಲ. ತಾನು ಬರೆದದ್ದನ್ನು ತಾನೇ ಓದಿಕೊಳ್ಳುವುದು ಅವನಿಗೆ ಬೇಕಾಗಿತ್ತು. ಅದು ಸಿಕ್ಕರೆ ಉಳಿದದ್ದು ಹೇಗಿದ್ದರೂ ನಡೆಯುತ್ತದೆ. ಅದು ಸಿಗದಿದ್ದರೆ ಉಳಿದದ್ದೆಲ್ಲ ಇದ್ದೂ ನಡೆಯುವುದಿಲ್ಲ.

ಮರುದಿನ ಬೆಳಿಗ್ಗೆ ಅವನು ಜಿಲ್ಲೆಯ ಊರಿಗೆ ಬಸ್ ಹತ್ತಿದ. ಜೇಬಿನಲ್ಲಿ ಒಂದು ಪೆನ್‌ಡ್ರೈವ್ ಇತ್ತು, ಒಂದು ಇಯರ್‌ಫೋನ್ ಇತ್ತು. ಪೆನ್‌ಡ್ರೈವ್ ಏಕೆಂದರೆ, ಈ ಮುಕ್ತ ವ್ಯವಸ್ಥೆಯನ್ನು ಅದರಲ್ಲಿ ತುಂಬಿಕೊಂಡು ಹೋಗಿ ಯಾವುದೇ ಯಂತ್ರಕ್ಕೆ ಚುಚ್ಚಿ ನಡೆಸಿ ನೋಡಬಹುದು. ಇಷ್ಟವಾಗದಿದ್ದರೆ ಕಿತ್ತುಕೊಂಡು ಬರಬಹುದು. ಯಂತ್ರದಲ್ಲಿ ಒಂದು ಗುರುತೂ ಉಳಿಯುವುದಿಲ್ಲ. ಈ ಅನುಕೂಲ ಮೊದಲಿನಿಂದಲೂ ಇತ್ತು. ಅದನ್ನು ಬಳಸಬೇಕೆಂದು ಅವನಿಗೆ ಮೊದಲು ಅನ್ನಿಸಿರಲಿಲ್ಲ, ಅಷ್ಟೆ.

ಅಲ್ಲಿ ಹಳೆಯ, ಹೊಸ ಬೋರ್ಡುಗಳನ್ನು ಪರೀಕ್ಷಿಸಿ ಮಾರುವ ಒಬ್ಬ ವ್ಯಾಪಾರಿ ಇದ್ದ. ಅವನ ಮೇಜಿನ ಮೇಲೆ ಬೋರ್ಡುಗಳು ಪೆಟ್ಟಿಗೆಯಿಲ್ಲದೆ, ತಂತಿ ಹಚ್ಚಿ ಬಿಚ್ಚಲು ಸುಲಭವಾಗುವಂತೆ ಬಿದ್ದಿರುತ್ತಿದ್ದವು.

"ಬರ್ರಿ, ಬರ್ರಿ," ಎಂದ ವ್ಯಾಪಾರಿ. "ಎಂಥದು ಬೇಕು? ಹೊಸದೋ, ವೇಗದ್ದೋ, ಬಾಳಿಕೆಯದ್ದೋ?"

ಅರ್ಜಿ ಬರೆಯುವವನು ಈ ಸಲ ಏನನ್ನೂ ನುಂಗಲಿಲ್ಲ. "ನನಗೆ ಕಣ್ಣು ಕಾಣುವುದಿಲ್ಲ. ಈ ಪೆನ್‌ಡ್ರೈವ್‌ನಲ್ಲಿ ನನ್ನ ವ್ಯವಸ್ಥೆ ಇದೆ. ಒಂದೊಂದೇ ಬೋರ್ಡಿಗೆ ಹಾಕಿ ನೋಡೋಣ. ಯಾವುದು ನನ್ನ ಜೊತೆ ಮಾತನಾಡುತ್ತದೋ ಅದನ್ನು ಒಯ್ಯುತ್ತೇನೆ," ಎಂದ.

"ಅಯ್ಯೋ ಮಹಾರಾಯರೇ, ಹೆಣ್ಣು ನೋಡಲಿಕ್ಕೆ ಬಂದವರೂ ಇಷ್ಟು ಪರೀಕ್ಷೆ ಮಾಡುವುದಿಲ್ಲ!"

"ಅವರು ಮಾಡಬೇಕಿತ್ತು," ಎಂದ ಅರ್ಜಿ ಬರೆಯುವವನು. "ಮಾಡದೆ ಇದ್ದದ್ದಕ್ಕೆ ನನ್ನ ಬಳಿ ಎಷ್ಟು ಅರ್ಜಿ ಬರುತ್ತವೆ ಗೊತ್ತೇನು ನಿಮಗೆ?"

ವ್ಯಾಪಾರಿ ನಕ್ಕುಬಿಟ್ಟ. ನಕ್ಕ ಮೇಲೆ ಇಲ್ಲವೆನ್ನುವುದು ಕಷ್ಟ. ಕುರ್ಚಿ ಎಳೆದುಕೊಟ್ಟ, ಪೆನ್‌ಡ್ರೈವ್ ಇಸಿದುಕೊಂಡ.

ಮೊದಲ ಬೋರ್ಡಿಗೆ ಹಾಕಿದ. "ಚಿತ್ರ ಬಹಳ ಚೆಂದ ಬಂದಿದೆ ನೋಡ್ರಿ," ಎಂದ. ಇಯರ್‌ಫೋನ್‌ನಲ್ಲಿ ಏನೂ ಇರಲಿಲ್ಲ. ಅರ್ಜಿ ಬರೆಯುವವನು ತಲೆಯಾಡಿಸಿದ. ಎರಡನೆಯದಕ್ಕೆ ಹಾಕಿದ. ದನಿ ಬಂತು, ಆದರೆ ಗಂಟಲಲ್ಲಿ ಅನ್ನ ಸಿಕ್ಕವನ ಹಾಗೆ ತಡೆತಡೆದು ಬಂತು. ಇದರ ಜೊತೆ ದಿನಗಟ್ಟಲೆ ಕೂರಲಾಗದು. ಅದೂ ಬೇಡವಾಯಿತು.

ಮೂರನೆಯದನ್ನು ವ್ಯಾಪಾರಿ ಮೇಜಿನ ಕೆಳಗಿನಿಂದ ಎತ್ತಿದ. ಬಾಯಿಂದ ಊದಿ ಧೂಳು ಹಾರಿಸಿದ. ಐದಾರು ವರ್ಷದ ಹಿಂದಿನದು. ಯಾರೂ ಕೇಳದೆ ಅಲ್ಲೇ ಬಿದ್ದಿತ್ತು. ಹಳೆಯದಾದ್ದರಿಂದ ಒಂದು ಅನುಕೂಲವಿತ್ತು. ಅದರ ಒಂದೊಂದು ಭಾಗದ ಜೊತೆಗೂ ಮಾತನಾಡುವ ತಂತ್ರಾಂಶವನ್ನು ಬರೆಯಲು ಜನರಿಗೆ ಐದಾರು ವರ್ಷ ಸಮಯ ಸಿಕ್ಕಿತ್ತು. ಆದರೆ ವ್ಯಾಪಾರಿ ಪರದೆ ನೋಡಿ ಮುಖ ಕಿವುಚಿದ.

"ಇದು ಬೇಡ ಬಿಡ್ರಿ. ಚಿತ್ರ ಮಸುಕಾಗಿದೆ. ಒಂದು ಬದಿಗೆ ಗೆರೆ ಬೇರೆ ಬರುತ್ತಿದೆ. ನಿಮ್ಮಂಥವರಿಗೆ ಇಂಥದನ್ನು ಕೊಟ್ಟರೆ ನನಗೆ ಒಳ್ಳೆಯದಾಗುವುದಿಲ್ಲ."

ಅವನು ತಂತಿಗೆ ಕೈ ಹಾಕುವಷ್ಟರಲ್ಲಿ ಅರ್ಜಿ ಬರೆಯುವವನು ಅವನ ಕೈ ಹಿಡಿದ. ಕಿವಿಯಲ್ಲಿ ಆ ಮೂಗಿನ ದನಿ, ಅವನು ಬರೆಯುವುದನ್ನೇ ಕಾಯುತ್ತಿರುವಂತೆ, ಹೇಳುತ್ತಿತ್ತು: ಖಾಲಿ ಕಾಗದ. ಮೊದಲನೆಯ ಸಾಲು.

ಅವನು ತನ್ನ ಹೆಸರನ್ನು ಬರೆದ. ಯಂತ್ರ ಓದಿತು. ಆಮೇಲೆ ಅದೇ ಹೆಸರನ್ನು ಬೇಕೆಂದೇ ತಪ್ಪಾಗಿ ಬರೆದ. ಉಸಿರು ಬಿಗಿಹಿಡಿದು ಕಾದ.

ಯಂತ್ರ ಆ ತಪ್ಪನ್ನು ತಪ್ಪಾಗಿಯೇ ಓದಿತು.

ಅವನು ಗಟ್ಟಿಯಾಗಿ ನಕ್ಕ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನಿಗೆ ಅದು ತಿಳಿಯಿತು, ಈ ಸಲ ಸಂಕೋಚವೆನ್ನಿಸಲಿಲ್ಲ.

"ಕಟ್ಟಿಕೊಡ್ರಿ," ಎಂದ.

"ಅಲ್ರೀ, ಆ ಗೆರೆ..."

"ಗೆರೆ ಇರಲಿ ಬಿಡ್ರಿ. ನನ್ನ ಕೋಣೆಗೆ ಬಂದವರು ನೋಡಿಕೊಂಡು ಹೋಗಲಿ."

ವ್ಯಾಪಾರಿ ಬೋರ್ಡನ್ನು ಪ್ರೊಸೆಸರ್ ಸಮೇತ ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೊಟ್ಟ. ಬಸ್ಸಿನಲ್ಲಿ ಅವನು ಅದನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದು ಬಂದ. ಸ್ಟುಡಿಯೊದವನು ಮತ್ತೆ ಸ್ಕ್ರೂ ಬಿಗಿದ. ಮೊದಲು ತರಿಸಿದ್ದ ಹೊಸ ಬೋರ್ಡನ್ನು ಅವನು ತನ್ನ ಅಂಗಡಿಗೆ ಇಟ್ಟುಕೊಂಡ. ಚಿತ್ರದ ಕೆಲಸಕ್ಕೆ ಅದು ಹೇಳಿ ಮಾಡಿಸಿದಂತಿತ್ತು, ಅವನಿಗೆ ದನಿಯ ಅಗತ್ಯವೇ ಇರಲಿಲ್ಲ. ಹೀಗೆ ಅದಕ್ಕೂ ಒಂದು ಮನೆ ಸಿಕ್ಕಿತು.

ಮುದುಕಿಯ ಅರ್ಜಿಯನ್ನೂ ಸೇರಿಸಿ ಹದಿನಾಲ್ಕೂ ಅರ್ಜಿಗಳು ಗಡುವಿಗೆ ಎರಡು ದಿನ ಮೊದಲೇ ಕಚೇರಿ ಸೇರಿದವು. ಯಾವುದೂ ಮರಳಿ ಬರಲಿಲ್ಲ.

ಕೆಲಸವೆಲ್ಲ ಮುಗಿದ ಮೇಲೆ ಸ್ಟುಡಿಯೊದವನು ಒಂದು ಸಂಜೆ ಬಂದ. "ನೀವೂ ಆ ಪಟ್ಟಿಯಲ್ಲಿ ಒಂದು ಸಾಲು ಬರೆಯಿರಿ. ಮುಂದೆ ಯಾರಿಗಾದರೂ ಉಪಯೋಗವಾದೀತು," ಎಂದ. ಅರ್ಜಿ ಬರೆಯುವವನು ಒಪ್ಪಿದ. ಸ್ವಲ್ಪ ಯೋಚಿಸಿ ಬರೆದ, ಯಂತ್ರದಿಂದ ಓದಿಸಿ ಕೇಳಿದ, ಕಳಿಸಿದ. ಅವನು ಬರೆದದ್ದು ಇಷ್ಟು: ಈ ಬೋರ್ಡಿನಲ್ಲಿ ದನಿ ಬರುತ್ತದೆ, ಉಳಿದದ್ದನ್ನು ನಾನು ನೋಡಿಲ್ಲ.

ಮಡಿವಾಳಯ್ಯನವರು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ನೀಲಕಂಠನಿಗೆ ಕತೆ ಹಿಡಿಸಿತ್ತು. ಅವನು ನಗುತ್ತ ಸ್ವಲ್ಪ ಮುಂದೆ ಸರಿದು ಕುಳಿತ. "ಅಂದರೆ ಅಜ್ಜಾರೇ, ಹೊಸದಕ್ಕಿಂತ ಹಳೆಯ ಸಾಧನೆಯೇ ಒಳ್ಳೆಯದು ಎಂದಂತಾಯಿತೇ?"

"ಯಾವುದು ಒಳ್ಳೆಯದೆಂದು ಮೂರು ವರ್ಷದಿಂದ ಕೇಳುತ್ತಿದ್ದೀಯ ತಮ್ಮಾ, ಯಾವುದಿಲ್ಲದೆ ನಿನಗೆ ನಡೆಯುವುದಿಲ್ಲವೆಂದು ಒಂದು ದಿನವೂ ಹೇಳಲಿಲ್ಲ," ಎಂದರು ಅವರು.